ಬಿಸಿ ಹಾಲಿನ ಕಾವು ತಣ್ಣನೆ ಹಾಲಿಗೆ

ಹಾಸನದ ಹಾಲು ಒಕ್ಕೂಟಕ್ಕೆ ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಯ ಹಾಲು ಸೇರುತ್ತದೆ. ಟ್ಯಾಂಕರ್‌ನಲ್ಲಿ ತಣ್ಣಗೆ ಬಂದ ಹಾಲನ್ನು ಡೇರಿಯಲ್ಲಿ ಪಾಶ್ಚರೀಕರಿಸಬೇಕು. ಅಂದರೆ 72 ಡಿಗ್ರಿಗೆ ಕಾಯಿಸಿ, 15 ಸೆಕೆಂಡ್ ಅದೇ ಕಾವಿನಲ್ಲಿಟ್ಟು, ಮತ್ತೆ 4 ಡಿಗ್ರಿಗೆ ಇಳಿಸಬೇಕು. ಕಾಯಿಸಲೂ ದುಡ್ಡು, ತಣಿಸಲೂ ದುಡ್ಡು. 1,000 ಲೀಟರ್ ಹಾಲನ್ನು 4ರಿಂದ 72 ಡಿಗ್ರಿಗೆ ಏರಿಸಲು ಸುಮಾರು 75 ಯೂನಿಟ್ ಕರೆಂಟಿನಷ್ಟು ಶಾಖ ಬೇಕು.

ಅಷ್ಟನ್ನೂ ಬಾಯ್ಲರ್‌ನಿಂದಲೇ ಕೊಡಬೇಕಿಲ್ಲ. ಪಾಶ್ಚರೈಸರ್‌ನಲ್ಲಿ ತೆಳುವಾದ ಸ್ಟೀಲ್ ತಗಡುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ತಗಡಿನ ಒಂದು ಬದಿಯಲ್ಲಿ ಕಾದ ಹಾಲು, ಇನ್ನೊಂದು ಬದಿಯಲ್ಲಿ ಎದುರು ದಿಕ್ಕಿನಿಂದ ತಣ್ಣನೆ ಹಾಲು. ಎರಡೂ ಬೆರೆಯುವುದಿಲ್ಲ, ಕಾವು ಮಾತ್ರ ದಾಟುತ್ತದೆ. ಶೇ. 90ರಷ್ಟು ಶಾಖ ಹೀಗೆ ವಾಪಸ್ ಸಿಕ್ಕರೆ ತಣ್ಣನೆ ಹಾಲು 65 ಡಿಗ್ರಿ ತನಕ ತಾನೇ ಏರುತ್ತದೆ. ಬಾಯ್ಲರ್‌ನ ಬಿಸಿನೀರಿಗೆ ಉಳಿಯುವುದು ಕೊನೆಯ 7 ಡಿಗ್ರಿ ಅಷ್ಟೇ. ಅತ್ತ ಕಾದ ಹಾಲೂ 11 ಡಿಗ್ರಿಗೆ ಇಳಿದಿರುತ್ತದೆ. ಉರುವಲೂ ಉಳಿಯಿತು, ಕರೆಂಟೂ ಉಳಿಯಿತು. ತಗಡಿಗೆ ಸಣ್ಣ ತೂತು ಬಿದ್ದರೂ ಹಸಿ ಹಾಲು ಈ ಕಡೆ ನುಗ್ಗದಂತೆ ಪಾಶ್ಚರೀಕರಿಸಿದ ಹಾಲಿನ ಒತ್ತಡವನ್ನು ಜಾಸ್ತಿ ಇಟ್ಟಿರುತ್ತಾರೆ. ಎಷ್ಟು ಜಾಣ ಏರ್ಪಾಡು, ಅಲ್ವಾ?

ಇದು ಹಳೆಯ ವಿದ್ಯೆಯೇ. ಆದರೆ ತಗಡಿನ ಮೇಲೆ ಹಾಲಿನ ಪ್ರೋಟೀನು, ಖನಿಜಗಳು ಪದರವಾಗಿ ಅಂಟಿದರೆ ಕಾವು ಸರಿಯಾಗಿ ದಾಟುವುದಿಲ್ಲ. ಆ ಕೊರತೆಯನ್ನು ಬಾಯ್ಲರ್ ಸದ್ದಿಲ್ಲದೆ ತುಂಬುತ್ತದೆ. ಹಾಲು ಮಾತ್ರ 72ಕ್ಕೇ ಬರುವುದರಿಂದ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ತಣ್ಣನೆ ಹಾಲು ತಗಡು ದಾಟಿ ಎಷ್ಟು ಡಿಗ್ರಿಗೆ ಬಂತು ಅನ್ನೋದನ್ನು ದಿನಾ ಬರೆದಿಡಬೇಕು. 65 ಇದ್ದದ್ದು 60ಕ್ಕೆ ಇಳಿದರೆ ಬಾಯ್ಲರ್ ಮೇಲಿನ ಹೊರೆ 7 ಡಿಗ್ರಿಯಿಂದ 12ಕ್ಕೆ ಏರಿತು ಅಂತಲೇ ಲೆಕ್ಕ.

ತಣಿಸುವ ಯಂತ್ರದಲ್ಲೂ ಇದೇ ಅವಕಾಶವಿದೆ. ತಣಿಸಲು ಬಳಸುವ ಅಮೋನಿಯಾ ಅನಿಲ, ಅದನ್ನು ಒತ್ತುವ ಕಂಪ್ರೆಸರ್‌ನಿಂದ ಹೊರಬರುವಾಗ ಚೆನ್ನಾಗಿ ಕಾದಿರುತ್ತದೆ. ಆ ಕಾವನ್ನು ಸುಮ್ನೆ ಗಾಳಿಗೆ ಬಿಡುವ ಬದಲು ಅದರಿಂದ ಟ್ಯಾಂಕ್ ತೊಳೆಯುವ ನೀರನ್ನು ಬೆಚ್ಚಗೆ ಮಾಡಬಹುದು.

ಹಳ್ಳಿಯಲ್ಲಿ ಹಾಲು ತಣಿಸಿಡುವ ಬಲ್ಕ್ ಕೂಲರ್‌ಗಂತೂ ಹೊಸ ಯಂತ್ರವೇನೂ ಬೇಡ. ಶಾಖವನ್ನು ಹೊರಬಿಡುವ ಭಾಗವಾದ ಕಂಡೆನ್ಸರ್‌ನ ತೆಳು ರೆಕ್ಕೆಗಳ ನಡುವೆ ಧೂಳು, ಹುಲ್ಲಿನ ಹೊಟ್ಟು ಸಿಕ್ಕಿಕೊಂಡರೆ ಶಾಖ ಹೊರಹೋಗದೆ ಕಂಪ್ರೆಸರ್ ಜಾಸ್ತಿ ಹೊತ್ತು ಓಡುತ್ತದೆ. ಮೆದು ಬ್ರಶ್‌ನಿಂದ ರೆಕ್ಕೆ ಬಾಗದಂತೆ ಆಗಾಗ ಉಜ್ಜಬೇಕು, ಹಿಂದೆ ಗಾಳಿ ಆಡಲು ಜಾಗ ಬಿಡಬೇಕು. ಒಕ್ಕೂಟ ರೈತರದ್ದೇ. ಇಲ್ಲಿ ಪೋಲಾಗುವ ಪ್ರತಿ ಯೂನಿಟ್ಟಿನ ಬಿಲ್ಲನ್ನೂ ಹಾಲು ಹಾಕುವವರ ದುಡ್ಡಿನಿಂದಲೇ ಕಟ್ಟಬೇಕು.