ಚಿಂಗ್‌ಡಾವೊದ ಎಸ್-90: ಒಂದು ರಾತ್ರಿ, ಅದರ ಹಿಂದಿನ ಹದಿನಾಲ್ಕು ವರ್ಷ

ಮೊದಲ ಮಹಾಯುದ್ಧದಲ್ಲಿ ಜಪಾನಿನ ಯುದ್ಧನೌಕೆಯೊಂದನ್ನು ಮುಳುಗಿಸಿದ ಜರ್ಮನಿಯ ನೌಕೆ ಎಸ್-90, ಕೆಲವು ಬರಹಗಳಲ್ಲಿ ಟಾರ್ಪೆಡೋ (ನೀರೊಳಗೆ ಸಾಗಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ) ದೋಣಿ, ಇನ್ನು ಕೆಲವದರಲ್ಲಿ ಡಿಸ್ಟ್ರಾಯರ್ ಎಂದು ಕಾಣಿಸಿಕೊಳ್ಳುವುದರಿಂದ ಇವು ಎರಡು ನೌಕೆಗಳೆಂದು ಓದುಗರು ಭಾವಿಸಿದರೆ ಆಶ್ಚರ್ಯವಿಲ್ಲ. ನೌಕೆ ಒಂದೇ: ಬ್ರಿಟಿಷರು ಡಿಸ್ಟ್ರಾಯರ್ ಎನ್ನುತ್ತಿದ್ದ ಬಗೆಯ ನೌಕೆಯನ್ನು ಜರ್ಮನ್ ನೌಕಾಪಡೆ ‘ದೊಡ್ಡ ಟಾರ್ಪೆಡೋ ದೋಣಿ’ ಎಂದೇ ಕರೆಯುತ್ತಿತ್ತು. ‘ಎಸ್’ ಎಂಬುದು ಅದನ್ನು ಕಟ್ಟಿದ ಎಲ್ಬಿಂಗ್‌ನ ಶಿಖೌ ಕಾರ್ಖಾನೆಯ ಗುರುತು. 1899ರಲ್ಲಿ ನೀರಿಗಿಳಿದ ದೋಣಿ ಮರುವರ್ಷ, ಚೀನಾದಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯ ಸಮಯದಲ್ಲಿ, ಚೀನಾಕ್ಕೆ ಹೋಯಿತು, ಅಲ್ಲೇ ಉಳಿಯಿತು.

ಅದರ ನೆಲೆ ಚೀನಾದ ಪೂರ್ವ ಕರಾವಳಿಯ ಬಂದರು ಚಿಂಗ್‌ಡಾವೊ. ಇಬ್ಬರು ಪಾದ್ರಿಗಳ ಕೊಲೆಯನ್ನು ನೆಪವಾಗಿಟ್ಟುಕೊಂಡು 1897ರಲ್ಲಿ ಜರ್ಮನಿ ಆಕ್ರಮಿಸಿಕೊಂಡ ಆ ಕರಾವಳಿ, 1898ರ ಒಪ್ಪಂದದಲ್ಲಿ 99 ವರ್ಷಗಳ ಗುತ್ತಿಗೆಯಾಯಿತು. ಗುತ್ತಿಗೆ ಎಂದಮೇಲೆ ಕೊಡುವವರಿಗೆ ಒಲ್ಲೆ ಎನ್ನುವ ಹಕ್ಕಿರಬೇಕು. ಅಂದಿನ ಚೀನಾಕ್ಕೆ ಅದು ಇರಲಿಲ್ಲ.

1914ರ ಆಗಸ್ಟ್ 23ರಂದು ಜರ್ಮನಿಯ ಮೇಲೆ ಯುದ್ಧ ಸಾರಿದ ಜಪಾನ್, ತಟಸ್ಥವೆಂದು ಘೋಷಿಸಿಕೊಂಡಿದ್ದ ಚೀನಾದ ನೆಲದಲ್ಲೇ ಸೈನ್ಯ ಇಳಿಸಿ ಚಿಂಗ್‌ಡಾವೊವನ್ನು ಮುತ್ತಿತು. ಕಡಲ ದಾರಿಯನ್ನು ಜಪಾನಿನ ಹಡಗುಗಳು ಕಟ್ಟಿಹಾಕಿದವು. ಅಕ್ಟೋಬರ್ 17ರ ರಾತ್ರಿ ಹೆಲ್ಮುಟ್ ಬ್ರುನ್ನರ್ ನೇತೃತ್ವದಲ್ಲಿ ಎಸ್-90 ಬಂದರಿನಿಂದ ಹೊರಬಿದ್ದಿತು. ಕಲ್ಲಿದ್ದಲಿನ ದೋಣಿಗೆ ಕತ್ತಲೆ ಪೂರ್ತಿ ಆಸರೆಯಲ್ಲ: ಒಲೆಗೆ ಹೆಚ್ಚು ಕಲ್ಲಿದ್ದಲು ಸುರಿದು ವೇಗ ಕೂಡಿಸಿದರೆ ಹೊಗೆಕೊಳವೆಯಿಂದ ಕಿಡಿಗಳೇಳುತ್ತವೆ, ಕಾವಲಿನವರ ಕಣ್ಣಿಗೆ ಅಷ್ಟೇ ಸಾಕು. ಆ ಕಾವಲನ್ನು ನುಸುಳಿ ಹೊರಕಡಲು ಸೇರಿದ ದೋಣಿಗೆ ನಡುರಾತ್ರಿಯ ನಂತರ ಎದುರಾದದ್ದು ‘ತಕಾಚಿಹೊ’, 1880ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ಹಳೆಯ ಜಪಾನಿ ಕ್ರೂಸರ್ ಯುದ್ಧನೌಕೆ. ಅದರ ಒಡಲಲ್ಲಿ ಸಮುದ್ರಕ್ಕೆ ಬಿಡಬೇಕಿದ್ದ, ಹಡಗು ತಾಕಿದರೆ ಸಿಡಿಯುವ ಮೈನ್‌ಗಳಿದ್ದವು. ಎಸ್-90ರ ಟಾರ್ಪೆಡೋಗಳು ತಗಲಿದೊಡನೆ ಅವೂ ಸಿಡಿದು ಹಡಗು ಛಿದ್ರವಾಯಿತು; 271 ಮಂದಿ ಸತ್ತರು. ಸಾಹಸದ ಕಥೆಯಾಗಿ ಈ ದಾಳಿಯನ್ನು ಹೇಳುವವರು ಈ ಸಂಖ್ಯೆಯನ್ನೂ ಜೊತೆಗಿಡಬೇಕು.

ಹಿಂದಿರುಗುವ ದಾರಿ ಮುಚ್ಚಿತ್ತು. ನೈಋತ್ಯಕ್ಕೆ ಸಾಗಿದ ದೋಣಿಯನ್ನು ಸಿಬ್ಬಂದಿಯೇ ಚೀನಾದ ದಡಕ್ಕೇರಿಸಿ ನಾಶಮಾಡಿದರು. ದಡ ಸೇರಿದ ನಾವಿಕರನ್ನು ಚೀನಾ ನಾನ್‌ಜಿಂಗ್‌ನಲ್ಲಿ ಬಂಧನದಲ್ಲಿಟ್ಟಿತು. ಕಾದಾಡುವ ದೇಶದ ಸೈನಿಕರು ತನ್ನಲ್ಲಿಗೆ ಬಂದರೆ ತಟಸ್ಥ ರಾಷ್ಟ್ರ ಮಾಡಬೇಕಾದದ್ದೇ ಅದು. ತನ್ನ ನೆಲದಲ್ಲಿ ಇತರರು ಪಾಲಿಸದ ನಿಯಮವನ್ನು ಚೀನಾ ತಾನು ಪಾಲಿಸಿತು.

ನವೆಂಬರ್ 7ರಂದು ಚಿಂಗ್‌ಡಾವೊ ಶರಣಾಯಿತು. 1919ರಲ್ಲಿ, ಯುದ್ಧಾನಂತರದ ವರ್ಸೇಲ್ಸ್ ಶಾಂತಿ ಒಪ್ಪಂದ ಚಿಂಗ್‌ಡಾವೊ ಇರುವ ಶಾಂಡಾಂಗ್ ಪ್ರಾಂತದಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನು ಜಪಾನಿಗೆ ವರ್ಗಾಯಿಸಲಿದೆ ಎಂಬ ಸುದ್ದಿ ತಲುಪಿ, ಮೇ 4ರಂದು ಬೀಜಿಂಗ್‌ನ ವಿದ್ಯಾರ್ಥಿಗಳು ಬೀದಿಗಿಳಿದರು. ಚಿಂಗ್‌ಡಾವೊ ಚೀನಾದ ಕೈಗೆ ಮರಳಿದ್ದು 1922ರ ಡಿಸೆಂಬರಿನಲ್ಲಿ.