ಮೂರೂವರೆ ಕೋಟಿ ಫೋಟೋದಲ್ಲಿ ಹುಲಿ ಹುಡುಕೋದು ಹೇಗೆ?

ಕಾಡಿನಲ್ಲಿ ಕಟ್ಟಿಟ್ಟು ಬಂದರೆ ಎದುರು ಏನಾದರೂ ಅಲುಗಿದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ, ಅಂದರೆ ಕ್ಯಾಮೆರಾ ಟ್ರ್ಯಾಪಿನ ಎಸ್‌ಡಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದರೆ ಮೊದಲು ಕಾಣೋದು ಹುಲಿ ಅಲ್ಲ, ಹುಲ್ಲು. ಗಾಳಿಗೆ ಆಡುವ ಹುಲ್ಲು, ಬಿಸಿಲು ಬಿದ್ದ ಎಲೆ, ಮತ್ತೆ ಹುಲ್ಲು. ಆಮೇಲೆ ಜಿಂಕೆ ಹಿಂಡು, ಅದೇ ಹಿಂಡಿನ ಮೂವತ್ತು ಫೋಟೋ. ಆನೆಯ ಕಾಲು. ಆನೆಯ ಸೊಂಡಿಲು. ಅದರ ನಂತರ ಬರೀ ಆಕಾಶ, ಯಾಕಂದ್ರೆ ಅಷ್ಟೊತ್ತಿಗೆ ಆನೆ ಕ್ಯಾಮೆರಾವನ್ನು ಕಿತ್ತು ಎಸೆದಿರುತ್ತದೆ.

2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಕಟ್ಟಿದ್ದರು. ಬಂದ ಫೋಟೋ 3,48,58,623. ಗಿನ್ನೆಸ್ ದಾಖಲೆಯೂ ಆಯಿತು. ಅದರಲ್ಲಿ ಹುಲಿಯ ಫೋಟೋ ಎಷ್ಟು ಗೊತ್ತಾ? 76,651. ಅಂದರೆ ಸುಮಾರು 450 ಫೋಟೋ ನೋಡಿದರೆ ಒಂದು ಹುಲಿ. 2022ರಲ್ಲಿ ಫೋಟೋಗಳ ರಾಶಿ 4.7 ಕೋಟಿಗೆ ಏರಿತು, ಹುಲಿಯ ಪಾಲು ಒಂದು ಲಕ್ಷವನ್ನೂ ಮುಟ್ಟಲಿಲ್ಲ.

ಮೊದಲು ಹೀಗಿರಲಿಲ್ಲ. ಮೊದಲು ಫೋಟೋನೇ ಇರಲಿಲ್ಲ. ಕಾಡುದಾರಿಯ ದೂಳಿನಲ್ಲಿ ಹುಲಿಯ ಹೆಜ್ಜೆ ಹುಡುಕಿ, ಮೇಲೆ ಗಾಜು ಇಟ್ಟು ಗೆರೆ ಎಳೆದುಕೊಂಡು, ಆ ಗೆರೆ ನೋಡಿ 'ಇದು ಬೇರೆ ಹುಲಿ, ಇದು ಅದೇ ಹುಲಿ' ಅಂತ ಹೇಳುತ್ತಿದ್ದರು. 1972ರ ಮೊದಲ ದೇಶವ್ಯಾಪಿ ಗಣತಿ ಹಾಗೆಯೇ ನಡೆದು 1,827 ಹುಲಿ ಅಂತ ಲೆಕ್ಕ ಕೊಟ್ಟಿತು. ಒಂದೇ ಹುಲಿ ಕೆಸರಲ್ಲಿ ಇಟ್ಟ ಹೆಜ್ಜೆಗೂ ಮರಳಲ್ಲಿ ಇಟ್ಟ ಹೆಜ್ಜೆಗೂ ಹೋಲಿಕೆ ಇರೋದಿಲ್ಲ ಅಂತ ಆಕ್ಷೇಪ ಎತ್ತಿದವರ ಮಾತು ತುಂಬಾ ವರ್ಷ ಯಾರ ಕಿವಿಗೂ ಬೀಳಲಿಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳು ಕಾಗದದ ಮೇಲಿವೆ, ಕಾಡಿನಲ್ಲಿ ಒಂದೂ ಇಲ್ಲ ಅಂತ 2005ರಲ್ಲಿ ಗೊತ್ತಾದ ಮೇಲೆ ಸರ್ಕಾರ ಆ ಪದ್ಧತಿಯನ್ನು ಕೈಬಿಟ್ಟಿತು.

ಆದರೆ ಬದಲಿ ದಾರಿ ಅಷ್ಟರಲ್ಲಾಗಲೇ ನಮ್ಮ ನಾಗರಹೊಳೆಯಲ್ಲಿ ಸಿದ್ಧವಾಗಿತ್ತು. ಹುಲಿಗಳ ಅಧ್ಯಯನ ಮಾಡುವ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದ ಮೊದಲ ವರ್ಷಗಳಲ್ಲೇ ಅಲ್ಲಿ ಕ್ಯಾಮೆರಾ ಕಟ್ಟಿದ್ದರು. 1995ರಲ್ಲಿ ಆ ಬಗ್ಗೆ ಅವರ ಪ್ರಬಂಧ ಬಂತು, 1998ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಬಲ್ಲ ವಿಜ್ಞಾನಿ ಜೇಮ್ಸ್ ನಿಕೋಲ್ಸ್ ಜೊತೆ ಇನ್ನೊಂದು. ಲೆಕ್ಕದ ಉಪಾಯ ಹಳೆಯದೇ. ಕೆರೆಯಲ್ಲಿ 50 ಮೀನು ಹಿಡಿದು ಗುರುತು ಹಾಕಿ ಬಿಡಿ. ಇನ್ನೊಂದು ದಿನ 50 ಹಿಡಿದಾಗ ಅದರಲ್ಲಿ 10ಕ್ಕೆ, ಅಂದರೆ ಐದರಲ್ಲಿ ಒಂದಕ್ಕೆ ಗುರುತಿದ್ದರೆ, ನೀವು ಗುರುತು ಹಾಕಿದ 50 ಕೆರೆಯ ಐದನೇ ಒಂದು ಪಾಲು, ಹಾಗಾಗಿ ಕೆರೆಯಲ್ಲಿ ಸುಮಾರು 250 ಮೀನಿವೆ. ಹುಲಿಗೆ ಗುರುತು ಹಾಕೋ ಗೋಜೇ ಇಲ್ಲ, ಪಟ್ಟೆ ಹುಟ್ಟಿನಿಂದಲೇ ಇದೆ, ಒಂದೊಂದು ಹುಲಿಯದ್ದೂ ಒಂದೊಂದು ಥರ. ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಹೊಂದಿಕೆ ಇಲ್ಲದ್ದರಿಂದ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಬೇಕು, ಅಷ್ಟೇ.

ಆಗಿನದು ರೀಲಿನ ಕಾಲ. ಒಂದು ರೀಲಿಗೆ 36 ಫೋಟೋ. ಜಿಂಕೆ ಹಿಂಡೊಂದು ಅಡ್ಡ ಬಂದರೆ ರಾತ್ರಿ ಹುಲಿ ಬರೋ ಹೊತ್ತಿಗೆ ರೀಲು ಖಾಲಿ. ತೊಳೆಸಿ ತಂದ ಫೋಟೋಗಳನ್ನು ಪಕ್ಕ ಪಕ್ಕ ಇಟ್ಟುಕೊಂಡು ಕಣ್ಣಲ್ಲೇ ಪಟ್ಟೆ ಹೋಲಿಸಬೇಕಿತ್ತು. ಹತ್ತು ಹುಲಿ ಇದ್ದರೆ ಸರಿ, ನೂರಾದರೆ ತಲೆ ಕೆಡುತ್ತದೆ. 2009ರ ಹೊತ್ತಿಗೆ ಹುಲಿಯ ಮೈಯನ್ನು ಮೂರು ಆಯಾಮದಲ್ಲಿ ಕಟ್ಟಿಕೊಂಡು, ಅದರ ಮೇಲೆ ಫೋಟೋದ ಪಟ್ಟೆಯನ್ನು ಹೊದಿಸಿ ಹೋಲಿಸುವ ಸಾಫ್ಟ್‌ವೇರ್ ಬಂತು. ಕಳ್ಳಬೇಟೆಗಾರರಿಂದ ವಶಪಡಿಸಿಕೊಂಡ ಚರ್ಮವನ್ನೂ ಅದರಲ್ಲಿ ತಾಳೆ ನೋಡಬಹುದು. ಬಂಡೀಪುರದ ಕ್ಯಾಮೆರಾಕ್ಕೆ 2010ರಲ್ಲಿ ಸಿಕ್ಕ ಗಂಡು ಹುಲಿಯೇ ಮರುವರ್ಷ ಸುಮಾರು 280 ಕಿ.ಮೀ. ದೂರದ ಶಿಕಾರಿಪುರದ ಕಡೆ ಬಂದಿದೆ ಅಂತ ಪತ್ತೆಯಾಗಿದ್ದೂ ಪಟ್ಟೆಯಿಂದಲೇ.

ಈ ಹೋಲಿಕೆಯಲ್ಲಿ ತಪ್ಪಾದರೆ ಏನಾಗುತ್ತದೆ? ಒಂದೇ ಹುಲಿ ಎರಡಾಗುತ್ತದೆ. 2014ರ ಗಣತಿಯ ಫೋಟೋಗಳಲ್ಲಿ ಹೀಗೆ ಒಂದಕ್ಕಿಂತ ಹೆಚ್ಚು ಸಲ ಎಣಿಕೆಯಾದ ಹುಲಿಗಳಿವೆ ಅಂತ ಪತ್ರಿಕೆಯೊಂದು ಬರೆದಾಗ ದೊಡ್ಡ ಗದ್ದಲವೇ ಆಯಿತು. ನನಗೇನೋ ಆ ಗದ್ದಲ ಆಗಿದ್ದು ಒಳ್ಳೆಯದೇ ಅನ್ನಿಸುತ್ತದೆ, ಅಲ್ಲಿವರೆಗೆ ಫೋಟೋ ಇದ್ದರೆ ಸಾಕು ಅದೇ ಸಾಕ್ಷಿ ಅಂತ ಎಲ್ಲರೂ ನಂಬಿದ್ದೆವಲ್ವಾ.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ರೀಲಿನ ಚಿಂತೆ ಹೋಯಿತು, ರಾಶಿಯ ಚಿಂತೆ ಶುರುವಾಯಿತು. ತಾಂಜಾನಿಯಾದ ಸೆರೆಂಗೆಟಿಯಲ್ಲಿ 225 ಕ್ಯಾಮೆರಾ ಇಟ್ಟವರು ಫೋಟೋಗಳನ್ನು ಇಂಟರ್ನೆಟ್ಟಿಗೆ ಹಾಕಿ, ಪ್ರಾಣಿ ಗುರುತಿಸಿಕೊಡಿ ಅಂತ ಜನರನ್ನೇ ಕೇಳಿದರು. ಸಾವಿರಾರು ಜನ ಸುಮ್ನೆ ಖುಷಿಗೆ ಕೂತು ಮಾಡಿಕೊಟ್ಟ ಆ ಕೆಲಸವೇ ಮುಂದೆ ಕಂಪ್ಯೂಟರಿಗೆ ಪಾಠವಾಯಿತು. ಈಗ ಮೈಕ್ರೋಸಾಫ್ಟಿನಲ್ಲಿ ಶುರುವಾದ ಮೆಗಾಡಿಟೆಕ್ಟರ್ ಅನ್ನೋ ಕಂಪ್ಯೂಟರ್ ಪ್ರೋಗ್ರಾಂ ಖಾಲಿ ಫೋಟೋಗಳನ್ನು ಬೇರೆ ಮಾಡುತ್ತದೆ. ನಮ್ಮ ಗಣತಿಗೆ ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಯ 'ಕ್ಯಾಟ್ರ್ಯಾಟ್' ಇದೆ, ಅದು ಪ್ರಾಣಿಯ ಜಾತಿ ನೋಡಿ ವಿಂಗಡಿಸುತ್ತದೆ. ಒಂದು ಕಾಡಿನಲ್ಲಿ ಕಲಿತ ಯಂತ್ರ ಇನ್ನೊಂದು ಕಾಡಿಗೆ ಹೋದರೆ ತಡವರಿಸುತ್ತದೆ. ಪ್ರಾಣಿ ಅದೇ ಇದ್ದರೂ ಹಿಂದಿನ ಪೊದೆ, ಬೆಳಕು ಬೇರೆ.

ಕ್ಯಾಮೆರಾ ಮನುಷ್ಯರನ್ನೂ ಬಿಡೋದಿಲ್ಲ. ಸೌದೆಗೆ ಹೋದ ಹೆಂಗಸರು, ದಾರಿ ಬದಿಗೆ ಸರಿದವರು, ಎಲ್ಲರೂ ಕಾರ್ಡಿನಲ್ಲಿ ಬಂದು ಕೂರುತ್ತಾರೆ. ಆ ಫೋಟೋಗಳನ್ನು ಯಾರು ನೋಡಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು ಅನ್ನೋದರ ಬಗ್ಗೆ ಚರ್ಚೆ ಆಗಿದ್ದು ಕಡಿಮೆ.

ಇನ್ನೊಂದು ರಗಳೆ ಯಾವ ಸಾಫ್ಟ್‌ವೇರಿಗೂ ಬಗ್ಗೋದಿಲ್ಲ. ಈಗಿನ ಲೆಕ್ಕಕ್ಕೆ ಹುಲಿ ಯಾವುದು ಅಂತ ಗೊತ್ತಾದರೆ ಸಾಲದು, ಎಲ್ಲಿ, ಯಾವತ್ತು ಅನ್ನೋದೂ ಬೇಕು. ಜಿಪಿಎಸ್ ಅಂಕಿ ಬರೆಯುವಾಗ ಎರಡು ಅಂಕಿ ಅದಲು ಬದಲಾದರೆ ಕ್ಯಾಮೆರಾ ಕಬಿನಿ ಹಿನ್ನೀರಿನ ಮಧ್ಯೆ ಹೋಗಿ ನಿಲ್ಲುತ್ತದೆ. ಬ್ಯಾಟರಿ ಬದಲಿಸಿದಾಗ ಕೆಲವು ಕ್ಯಾಮೆರಾಗಳ ಗಡಿಯಾರ ಹಿಂದಕ್ಕೆ ಹೋಗಿಬಿಡುತ್ತದೆ. ಆಗ ಕಳೆದ ವಾರ ನಡೆದುಹೋದ ಹುಲಿ ಎಷ್ಟೋ ವರ್ಷದ ಹಿಂದಿನ ಜನವರಿ 1ರಂದು ನಡೆದಂತೆ ದಾಖಲಾಗುತ್ತದೆ. ಅದಕ್ಕೇ ಕಾರ್ಡು ಹಾಕಿದ ಕೂಡಲೇ ವಾಚರ್ ಒಬ್ಬರು ಕ್ಯಾಮೆರಾ ಮುಂದೆ ಕುಕ್ಕರಗಾಲಲ್ಲಿ ಕೂತು, ಜಾಗದ ನಂಬರು, ತಾರೀಕು, ಟೈಮು ಬರೆದ ಸ್ಲೇಟನ್ನು ಎದೆಗೆ ಹಿಡಿದುಕೊಳ್ಳುತ್ತಾರೆ. ಕಾರ್ಡಿನ ಮೊದಲ ಫೋಟೋ ಅದೇ.