ಹತ್ತಿಯ ಗುಲಾಬಿ ಹುಳಕ್ಕೆ ಬಿ.ಟಿ. ಪ್ರೋಟೀನ್ ಯಾಕೆ ನಾಟುತ್ತಿಲ್ಲ?

ರಾಯಚೂರು ಸೀಮೆಯಲ್ಲಿ ಹತ್ತಿ ಬಿಡಿಸುವ ಹೊತ್ತಿಗೆ ಕಾಯಿ ಸರಿಯಾಗಿ ಅರಳದೆ, ಒಳಗಿನ ಬೀಜ ಟೊಳ್ಳಾಗಿ, ಅರಳೆ ಕಲೆಗಟ್ಟಿದ್ದರೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅದು ಗುಲಾಬಿ ಕಾಯಿಕೊರಕದ ಕೆಲಸ. ಆಗ ಗೊಬ್ಬರದ ಅಂಗಡಿ ಮುಂದೆ ಒಂದೇ ಮಾತು: ‘ಪ್ಯಾಕೆಟ್ ಮ್ಯಾಲೆ ಬಿ.ಟಿ. ಅಂತ ಐತಿ, ಮತ್ತ ಹುಳ ಹೆಂಗ ಬಂತು? ಬೀಜ ನಕಲಿ ಇರಬೇಕು.’ ಬಿ.ಟಿ. ಹತ್ತಿ ಅಂದರೆ ಒಂದು ಬ್ಯಾಕ್ಟೀರಿಯಾದ ಜೀನ್ ಸೇರಿಸಿ, ಹುಳ ಕೊಲ್ಲುವ ಪ್ರೋಟೀನನ್ನು ಗಿಡವೇ ತಯಾರಿಸುವಂತೆ ಮಾಡಿದ ಹತ್ತಿ. ನಕಲಿ ಬೀಜ ಇಲ್ಲವೇ ಇಲ್ಲ ಅಂತಲ್ಲ. ಆದರೆ ಅಸಲಿ ಬೀಜ ಬಿತ್ತಿದ ಹೊಲದಲ್ಲೂ ಈ ಹುಳ ಆರಾಮಾಗಿ ಬೆಳೆಯುತ್ತಿದೆ. ಯಾಕೆ ಅಂತ ತಿಳಿಯಬೇಕಾದರೆ ಹುಳದ ಹೊಟ್ಟೆಯೊಳಗೆ ನೋಡಬೇಕು. ಅಲ್ಲಿರುವುದು ಎರಡು ಪ್ರೋಟೀನುಗಳ ಕಥೆ.

ಜೀವಿಗಳ ಪ್ರೋಟೀನುಗಳೆಲ್ಲ ಮುಖ್ಯವಾಗಿ 20 ಬಗೆಯ ಅಮೈನೋ ಆಮ್ಲಗಳಿಂದ ಆಗಿವೆ. ಒಂದು ಅಮೈನೋ ಆಮ್ಲ ಇನ್ನೊಂದಕ್ಕೆ ಸೇರುವ ಕೊಂಡಿಗೆ ಪೆಪ್ಟೈಡ್ ಬಂಧ ಅನ್ನುತ್ತಾರೆ. ಸರಪಳಿ ಗಿಡ್ಡದಾಗಿದ್ದರೆ ಪೆಪ್ಟೈಡ್. ನೂರಾರು ಕೊಂಡಿಗಳಷ್ಟು ಉದ್ದವಾಗಿ, ತನ್ನಷ್ಟಕ್ಕೆ ಮಡಚಿಕೊಂಡು ಒಂದು ಆಕಾರಕ್ಕೆ ಬಂದರೆ ಪ್ರೋಟೀನ್. ಕೊಂಡಿ ಹೀಗೇ ಕೂಡುತ್ತದೆ ಅಂತ 1902ರಲ್ಲಿ ವಿಜ್ಞಾನಿಗಳಾದ ಎಮಿಲ್ ಫಿಶರ್ ಮತ್ತು ಫ್ರಾನ್ಜ್ ಹಾಫ್‌ಮೈಸ್ಟರ್ ಬೇರೆ ಬೇರೆಯಾಗಿ ಹೇಳಿದರು. ಇದೇ ಫಿಶರ್ 1894ರಲ್ಲೇ ಇನ್ನೊಂದು ಮಾತು ಹೇಳಿದ್ದರು. ಕಿಣ್ವ ಮತ್ತು ಅದು ಹಿಡಿಯುವ ವಸ್ತು ಬೀಗ-ಕೀಲಿಕೈ ಇದ್ದಂತೆ, ಆಕಾರ ಹೊಂದಿದರೆ ಮಾತ್ರ ಕೆಲಸ ನಡೆಯುತ್ತದೆ. ನಮ್ಮ ಹತ್ತಿಯ ಕಥೆ ನಿಂತಿರುವುದೂ ಈ ಆಕಾರದ ಮೇಲೆಯೇ.

1901ರಲ್ಲಿ ಜಪಾನಿನ ಇಶಿವಾಟಾ ಸಾಯುತ್ತಿದ್ದ ರೇಷ್ಮೆ ಹುಳಗಳಲ್ಲಿ ಒಂದು ಬ್ಯಾಕ್ಟೀರಿಯಾ ಕಂಡರು. ಹತ್ತು ವರ್ಷದ ನಂತರ ಜರ್ಮನಿಯ ಬರ್ಲಿನರ್ ಹಿಟ್ಟಿನ ಪತಂಗದ ಹುಳದಲ್ಲೂ ಅದನ್ನೇ ಗುರುತಿಸಿ, ಥುರಿಂಜಿಯಾ ಸೀಮೆಯ ಹೆಸರಿನಲ್ಲಿ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಅಂತ ಕರೆದರು. ಬಿ.ಟಿ. ಅಂದರೆ ಇದೇ. ಅದರೊಳಗಿನ ಹರಳುಗಳೇ ವಿಷ, ಆ ಹರಳು ಪ್ರೋಟೀನು ಅಂತ 1950ರ ದಶಕದಲ್ಲಿ ಖಚಿತವಾಯಿತು. 1981ರಲ್ಲಿ ಅದರ ಜೀನ್ ಬೇರ್ಪಡಿಸಿದರು. 1991ರಲ್ಲಿ ಇಂಥದೊಂದು ಪ್ರೋಟೀನಿನ ಪೂರ್ತಿ ಆಕಾರ ಎಕ್ಸ್-ರೇ ಮೂಲಕ ಸಿಕ್ಕಿತು.

ಆ ಆಕಾರದಲ್ಲಿ ಮೂರು ಭಾಗಗಳಿವೆ. ಒಂದರಲ್ಲಿ ಸುರುಳಿಗಳ ಕಟ್ಟು, ಉಳಿದೆರಡರಲ್ಲಿ ಹಾಳೆಯಂತೆ ಮಡಚಿದ ಎಳೆಗಳು. ನಮ್ಮ ಹತ್ತಿಗೆ ಮೊದಲು ಬಂದ ಕ್ರೈ1ಎಸಿ ಎಂಬ ಬಿ.ಟಿ. ಪ್ರೋಟೀನಿನಲ್ಲಿ 1178 ಅಮೈನೋ ಆಮ್ಲಗಳಿವೆ. ಹುಳದ ಕರುಳಿನಲ್ಲಿ ಕ್ಷಾರ ಜಾಸ್ತಿ. ಅಲ್ಲಿನ ಕಿಣ್ವಗಳು ಕೆಲವು ಪೆಪ್ಟೈಡ್ ಬಂಧ ಕತ್ತರಿಸಿ ಸುಮಾರು ಅರ್ಧ ಸರಪಳಿಯನ್ನು ತೆಗೆದುಹಾಕುತ್ತವೆ. ಉಳಿದದ್ದೇ ವಿಷ. ಅದು ಕರುಳಿನ ಗೋಡೆಯ ಮೇಲಿರುವ ಕ್ಯಾಡ್‌ಹೆರಿನ್ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿಯುತ್ತದೆ. ಆಮೇಲೆ ಸುರುಳಿಗಳು ಗೋಡೆಯೊಳಗೆ ನುಗ್ಗಿ ತೂತು ಮಾಡುತ್ತವೆ. ಹುಳ ತಿನ್ನುವುದು ಬಿಟ್ಟು ಸಾಯುತ್ತದೆ. ನಮ್ಮ ಹೊಟ್ಟೆಯಲ್ಲಿ ಇರುವುದು ಆಮ್ಲ. ಹುಳದ ಕರುಳಲ್ಲಿ ವಿಷಕ್ಕೆ ಸಿಗುವ ಆ ಹಿಡಿಕೆಯೂ ನಮ್ಮಲ್ಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಬೇಕಾದ ಹುಳವನ್ನೇ ಕೊಲ್ಲುವ ವಿಷ ಅಪರೂಪ. ಎಣ್ಣೆ (ಕೀಟನಾಶಕ) ಹೊಡೆದು ಹೊಡೆದು ಸೋತಿದ್ದ ರೈತರು ಇದನ್ನು ನಂಬಿದ್ದರಲ್ಲಿ ಆಶ್ಚರ್ಯವೇನಿದೆ?

ಭಾರತದಲ್ಲಿ ಬಿ.ಟಿ. ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. 2006ರಲ್ಲಿ ಕ್ರೈ2ಎಬಿ ಅನ್ನುವ ಎರಡನೇ ಪ್ರೋಟೀನನ್ನೂ ಸೇರಿಸಿದ ಬೀಜ ಬಂತು. ಹಸಿರು ಕಾಯಿಕೊರಕದ ಕಾಟ ನಿಜಕ್ಕೂ ತಗ್ಗಿತು. ಆದರೆ ಗುಲಾಬಿ ಹುಳ ಮೊದಲ ಪ್ರೋಟೀನನ್ನು ಗೆದ್ದಿದೆ ಅಂತ 2010ರಲ್ಲಿ ಗುಜರಾತಿನಿಂದ ಸುದ್ದಿ ಬಂತು. ಕೆಲವೇ ವರ್ಷಗಳಲ್ಲಿ ಎರಡನೆಯದೂ ಸೋತಿತು. ವಿಷ ಬದಲಾಗಿರಲಿಲ್ಲ. ಅದು ಇವತ್ತಿಗೂ ಎಲೆಯಲ್ಲಿ, ಕಾಯಿಯಲ್ಲಿ ಹಾಗೇ ಇದೆ. ಬದಲಾಗಿದ್ದು ಹುಳದ ಜೀನ್. ಕ್ಯಾಡ್‌ಹೆರಿನ್ ತಪ್ಪಾಗಿ ತಯಾರಾದರೆ ಕ್ರೈ1ಎಸಿಗೆ ಹಿಡಿಯಲು ಜಾಗವೇ ಇರುವುದಿಲ್ಲ. ಎರಡನೇ ಪ್ರೋಟೀನಿಗೆ ಅಡ್ಡ ಬಂದದ್ದು ಬೇರೊಂದು ಜೀನಿನ ಬದಲಾವಣೆ.

ಇದನ್ನು ತಡೆಯುವ ದಾರಿ ಗೊತ್ತಿತ್ತು. ವಿಷಕ್ಕೆ ಬಗ್ಗದ ಹುಳದ ಈ ಗುಣ ತಂದೆ-ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕೆಲಸ ಮಾಡುತ್ತದೆ. ಹೊಲದಂಚಿಗೆ ಬಿ.ಟಿ. ಇಲ್ಲದ ಹತ್ತಿ ಹಾಕಿದರೆ ಅಲ್ಲಿ ಸಾಮಾನ್ಯ ಪತಂಗಗಳು ಹುಟ್ಟುತ್ತವೆ. ಗೆದ್ದ ಪತಂಗ ಇವುಗಳ ಜತೆ ಕೂಡಿದರೆ ಮರಿಗಳು ಬಿ.ಟಿ. ತಿಂದು ಸಾಯುತ್ತವೆ. ಅದಕ್ಕೇ ಬೀಜದ ಜತೆ 120 ಗ್ರಾಂ ಬೇರೆ ಪ್ಯಾಕೆಟ್ ಕೊಡುತ್ತಿದ್ದರು. ಬಹಳ ಜನ ಅದನ್ನು ಬಿತ್ತಲಿಲ್ಲ. ಸುಮ್ನೆ ರೈತರನ್ನೇ ದೂರುವುದು ನನಗೆ ಸರಿ ಕಾಣುವುದಿಲ್ಲ. ಎರಡು-ಮೂರು ಎಕರೆ ಇರುವವರಿಗೆ ಹುಳ ತಿನ್ನಲಿ ಅಂತ ಸಾಲು ಬಿಡಿ ಅಂದರೆ, ಯಾಕೆ ಅಂತ ಕೂತು ವಿವರಿಸಬೇಕಿತ್ತು, ಅಲ್ವಾ? ಇನ್ನೊಂದು ತೊಡಕು ಬೀಜದ್ದೇ. ನಮ್ಮಲ್ಲಿ ಬಿ.ಟಿ. ಹತ್ತಿ ಬಹುಪಾಲು ಹೈಬ್ರಿಡ್. ಅದರ ಒಂದೇ ಕಾಯಿಯಲ್ಲಿ ಕೆಲವು ಬೀಜಕ್ಕೆ ವಿಷ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಬೀಜ ತಿನ್ನುವ ಗುಲಾಬಿ ಹುಳಕ್ಕೆ ಇದು ಅರೆಬರೆ ವಿಷದ ಅಭ್ಯಾಸ ಮಾಡಿಸಿದಂತಾಯಿತು ಅನ್ನುವ ವಿಜ್ಞಾನಿಗಳಿದ್ದಾರೆ.

ಅಮೆರಿಕದ ಅರಿಜೋನಾದಲ್ಲಿ ಬಿ.ಟಿ. ಇಲ್ಲದ ಇಂಥ ಆಸರೆ ಸಾಲುಗಳನ್ನು ಕಟ್ಟುನಿಟ್ಟಾಗಿ ಬಿಟ್ಟರು. 2006ರಿಂದ ಸಂತಾನಶಕ್ತಿ ಇಲ್ಲದ ಪತಂಗಗಳನ್ನೂ ಹಾರಿಸಿದರು. 2018ರಲ್ಲಿ ಆ ದೇಶ ಹತ್ತಿ ಬೆಳೆಯುವ ತನ್ನ ಸೀಮೆಗಳಲ್ಲಿ ಈ ಹುಳ ಮುಗಿಯಿತು ಅಂತ ಸಾರಿತು. ಪ್ರೋಟೀನು ಅಲ್ಲೂ ಇದೇ.

ದುಬಾರಿ ಪ್ಯಾಕೆಟ್ ತಂದರೂ ಒಳಗಿನ ಪ್ರೋಟೀನು ಅದೇ ಆದ್ದರಿಂದ ಈ ಹುಳದ ವಿಷಯದಲ್ಲಿ ಲಾಭವಿಲ್ಲ. ಕಾಯಿಯೊಳಗೆ ಹೊಕ್ಕ ಮೇಲೆ ಎಣ್ಣೆ ಹೊಡೆದರೂ ತಾಗುವುದು ಕಷ್ಟ. ಸದ್ಯಕ್ಕೆ ಹುಳದ ದೌರ್ಬಲ್ಯ ಅದರ ಊಟದಲ್ಲಿದೆ. ಅದಕ್ಕೆ ಹೆಚ್ಚುಕಡಿಮೆ ಹತ್ತಿಯೇ ಬೇಕು. ನೀರಿದೆ ಅಂತ ಇನ್ನೊಂದು ಬಿಡಿಸುವಿಕೆಗಾಗಿ ಮಾರ್ಚ್‌ವರೆಗೆ ಗಿಡ ಉಳಿಸಿದರೆ ಮುಂದಿನ ಪೀಳಿಗೆಯನ್ನು ನಾವೇ ಸಾಕಿದಂತೆ. ಡಿಸೆಂಬರ್-ಜನವರಿಗೆ ಬೆಳೆ ಮುಗಿಸಿ, ಹತ್ತಿ ಕಟ್ಟಿಗೆಯನ್ನು ಹೊಲದ ಬದುವಿನಲ್ಲಿ ಒಟ್ಟದೆ ಪುಡಿ ಮಾಡಬೇಕು. ಹೊಲದಲ್ಲಷ್ಟೇ ಅಲ್ಲ, ಜಿನ್ನಿಂಗ್ ಮಿಲ್‌ಗಳ ಸುತ್ತಲೂ ಗಂಡು ಪತಂಗಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಬೇಕು, ಯಾಕೆಂದರೆ ಹುಳ ನಿದ್ದೆ ಹೋಗುವುದು ಬೀಜದೊಳಗೆ.